ಒಂದೇ ಮಾತನ್ನು ಎಷ್ಟು ಸಲ ಹೇಳಬೇಕು?

"ಮಿಸ್, ಇವತ್ತು ಶಾಲೆ ಬಿಡಬೇಡಿ."

ಬಿಸಿಯೂಟ ಮುಗಿದಿತ್ತು. ಮಕ್ಕಳೆಲ್ಲ ನಲ್ಲಿ ಹತ್ತಿರ ತಟ್ಟೆ ತೊಳೆದು ಓಡಿಹೋಗಿದ್ದರು. ಅವಳೊಬ್ಬಳು ಮಾತ್ರ ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆಯುತ್ತಾ ನಿಂತಿದ್ದಳು. ಏನೋ ಆಟಕ್ಕೆ ಹೇಳುತ್ತಿದ್ದಾಳೆ ಅಂದುಕೊಂಡು "ಯಾಕೆ ಪುಟ್ಟಿ?" ಅಂದೆ. ಅವಳು ನಲ್ಲಿ ನಿಲ್ಲಿಸಲಿಲ್ಲ. ನೀರು ಬೀಳುವ ಸದ್ದಿನ ನಡುವೆ ನಾಲ್ಕೇ ನಾಲ್ಕು ಮಾತು ಹೇಳಿದಳು. ಅಷ್ಟು ಸಾಕಾಯಿತು.

ಅವಳು ನಾಲ್ಕನೇ ಕ್ಲಾಸು, ಒಂಬತ್ತು ವರ್ಷ. ನಾನು ಸರ್ಕಾರಿ ಶಾಲೆಯ ಟೀಚರ್. ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಅಂತಷ್ಟೇ ಹೇಳುತ್ತೇನೆ. ಅವಳ ಹೆಸರು, ಊರು, ಅವಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವನು ಅವಳಿಗೆ ಏನಾಗಬೇಕು, ಇದ್ಯಾವುದನ್ನೂ ಬರೆಯುವುದಿಲ್ಲ. ಬರೆಯಬಾರದು ಅಂತ ಕಾನೂನೂ ಹೇಳುತ್ತದೆ. ಅವಳಮ್ಮನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಇಲ್ಲಿ ಅವಳು ಪುಟ್ಟಿ.

ಆ ಹೊತ್ತಿನಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. "ಯಾಕೆ ಪುಟ್ಟಿ ಮೊದಲೇ ಹೇಳಲಿಲ್ಲ?" ಅಂತ ಕೇಳಿಬಿಟ್ಟೆ. ಬಾಯಿಂದ ಬಂದ ಮೇಲೆ ಅವಳ ಮುಖ ನೋಡಿದೆ. ತಪ್ಪು ತನ್ನದೇ ಅನ್ನುವ ಹಾಗೆ ತಲೆ ತಗ್ಗಿಸಿದ್ದಳು. ಆ ಪ್ರಶ್ನೆಯನ್ನು ಯಾವ ಮಗುವಿಗೂ ಕೇಳಬಾರದು. ತಡವಾಗಿ ಹೇಳುವುದೇ ಜಾಸ್ತಿ, ಅದೂ ಗೊತ್ತಿರುವವರೇ ಮಾಡಿದಾಗ. ನಾನು ತಕ್ಷಣ "ನೀನು ಹೇಳಿದ್ದು ಒಳ್ಳೇದಾಯ್ತು. ನಿಂದೇನೂ ತಪ್ಪಿಲ್ಲ" ಅಂದೆ. ಮುಂದೆ ಏನನ್ನೂ ಕೇಳಲಿಲ್ಲ. ಯಾವಾಗ, ಎಲ್ಲಿ, ಹೇಗೆ ಅಂತ ಕೆದಕಬೇಡಿ ಅಂತ ತರಬೇತಿಯಲ್ಲಿ ಒಂದು ಸಲ ಹೇಳಿದ್ದರು. ಆ ಒಂದು ಮಾತು ನೆನಪಿದ್ದದ್ದು ಪುಣ್ಯ.

ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಹೆದರಿದರು. "ಮೊದಲು ಮಗುನ ಕರೀರಿ ಮೇಡಂ, ವಿಚಾರಿಸೋಣ. ಸುಮ್ನೆ ಯಾರ ಮೇಲೋ ಆಗಬಾರದು" ಅಂದರು. ನಾನು ಒಪ್ಪಲಿಲ್ಲ. ವಿಚಾರಣೆ ನಮ್ಮ ಕೆಲಸ ಅಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆ 2012ರಿಂದ ಇದೆ. ಅದರ 19ನೇ ಕಲಂ ಪ್ರಕಾರ ಅನುಮಾನ ಬಂದರೂ ಸಾಕು, ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಅದೇ ಅಪರಾಧ. ಇಷ್ಟು ಹೇಳಿದ ಮೇಲೆ ಅವರೇ ಫೋನ್ ನನ್ನ ಕಡೆ ಸರಿಸಿದರು.

ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಿದೆ. ಆ ಕಡೆ ಒಬ್ಬ ಹುಡುಗಿಯ ದನಿ. ಏನು ನಡೆಯಿತು ಅಂತ ಅವಳು ಮೊದಲು ಕೇಳಲಿಲ್ಲ. "ಮೇಡಂ, ಈ ರಾತ್ರಿ ಮಗು ಎಲ್ಲಿರುತ್ತೆ?" ಅಂತ ಕೇಳಿದಳು. ಅಲ್ಲಿಯವರೆಗೆ ನನಗೆ ಅದು ಹೊಳೆದೇ ಇರಲಿಲ್ಲ.

ಅವಳಪ್ಪ ಲಾರಿ ಡ್ರೈವರ್, ಊರಲ್ಲಿರಲಿಲ್ಲ. ಅಮ್ಮ ಗಾರ್ಮೆಂಟ್ಸ್‌ನಿಂದ ಬರುವುದು ಆರು ಗಂಟೆಗೆ. ನಾನು ಪುಟ್ಟಿ ಜೊತೆ ಶಾಲೆಯಲ್ಲೇ ಕೂತೆ. ಅವಳು ಕೇಳಿದ್ದು ಹಾಗೆ ನಿಜವಾಯಿತು, ಆವತ್ತು ಶಾಲೆ ಬಿಡಲಿಲ್ಲ. ಅಮ್ಮ ಬಂದಾಗ ನಾನು ಹೇಳಿದೆ. ಆಕೆ ಗೋಡೆಗೆ ಒರಗಿ ಕೂತುಬಿಟ್ಟಳು. ಆಮೇಲೆ ಎದ್ದು ಮಗಳ ಭುಜ ಹಿಡಿದು "ನಿಜ ಹೇಳು, ನಿಜ ಹೇಳು" ಅಂತ ಅಲ್ಲಾಡಿಸಿದಳು. ಪುಟ್ಟಿ ಇನ್ನೊಂದು ಸಲ ಹೇಳಿದಳು. ಈ ಸಲ ಮೂರೇ ಮಾತು. ನನಗೆ ಹೇಳಿದ್ದಕ್ಕಿಂತ ಒಂದು ಕಡಿಮೆ. ನಾನು ಲೆಕ್ಕ ಇಡೋಕೆ ಶುರು ಮಾಡಿದ್ದು ಆವಾಗ.

ಅಮ್ಮ ಆಮೇಲೆ ಹೇಳಿದ್ದು ಒಂದೇ: "ಮೇಡಮ್ಮೋರೆ, ಸೋಮವಾರ ಸಂಜೆ ಫ್ರಾಕು ನಾನೇ ಒಗೆದೆ. ಯಾಕೆ ಹಿಂಗಾಗಿದೆ ಅಂತ ಬೈಕೊಂಡು ಒಗೆದೆ." ಆವತ್ತು ಬುಧವಾರ.

ತಾಲ್ಲೂಕಿನ ಒಂದು ಆಸ್ಪತ್ರೆಗೆ ಹೋಗುವಾಗ ಎಂಟು ಗಂಟೆ. ಅಲ್ಲಿ ನಡೆದದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಚೀಟಿ ಮಾಡಿಸುವ ಕಿಟಕಿಯಲ್ಲೇ "ಏನು ಕೇಸು?" ಅಂತ ಜೋರಾಗಿ ಕೇಳಿದರು. ಹಿಂದೆ ಜನ ನಿಂತಿದ್ದರು. ಡ್ಯೂಟಿ ಡಾಕ್ಟರು ಕಾರಿಡಾರಿನಲ್ಲೇ ಪುಟ್ಟಿಯ ಕಡೆ ಬಗ್ಗಿ "ಏನಾಯ್ತಮ್ಮ, ಹೇಳು" ಅಂದರು. ಪುಟ್ಟಿ ಬಾಯಿ ಬಿಡಲಿಲ್ಲ. "ಮಗು ಏನೂ ಹೇಳ್ತಿಲ್ಲವಲ್ಲ. ಇದು ಎಂಎಲ್‌ಸಿ ಆಗುತ್ತೆ, ಪೊಲೀಸ್ ಲೆಟರ್ ತನ್ನಿ" ಅಂತ ವಾಪಸ್ ಕಳಿಸಿದರು. ಎಂಎಲ್‌ಸಿ ಅಂದರೆ ಪೊಲೀಸು, ಕಾನೂನಿಗೆ ಸಂಬಂಧಪಟ್ಟ ವೈದ್ಯಕೀಯ ಕೇಸು.

ಅದು ತಪ್ಪು ಅಂತ ಆವತ್ತು ನನಗೆ ಗೊತ್ತಿರಲಿಲ್ಲ. ಇದನ್ನು ಓದುವವರಿಗಾದರೂ ಗೊತ್ತಿರಲಿ. ತುರ್ತು ಚಿಕಿತ್ಸೆ ಕೊಡೋಕೆ ಪೊಲೀಸ್ ಪತ್ರವನ್ನಾಗಲಿ ಕೋರ್ಟಿನ ಪತ್ರವನ್ನಾಗಲಿ ಕೇಳುವ ಹಾಗಿಲ್ಲ. 2020ರ ಪೋಕ್ಸೊ ನಿಯಮಗಳಲ್ಲಿ ಅದು ಸ್ಪಷ್ಟವಾಗಿದೆ. ಎಫ್‌ಐಆರ್ ಆಗಿರದಿದ್ದರೂ ಪರೀಕ್ಷೆ ಮಾಡಬೇಕು. ಖಾಸಗಿ ಆಸ್ಪತ್ರೆಯಾದರೂ ಚಿಕಿತ್ಸೆಗೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ಇದು ಗಂಟೆ ಲೆಕ್ಕದ ಕೆಲಸ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು. ಮೈಮೇಲಿನ ಮಾದರಿಗಳನ್ನು ತೆಗೆಯೋಕೆ ಹೆಚ್ಚೆಂದರೆ 96 ಗಂಟೆ. ನಮಗೆ ಆ ರಾತ್ರಿ ಸುಮ್ಮನೆ ಕಳೆದುಹೋಯಿತು.

ತಾಯಿ ಮಗಳು ನಮ್ಮ ಮನೆಯಲ್ಲೇ ಮಲಗಿದರು. ಪುಟ್ಟಿ ಅನ್ನ ಸಾರು ತಿಂದಳು, ಟಿವಿ ಹಾಕಿ ಅಂದಳು. ಅವಳಮ್ಮನಿಗೆ ಅದು ಸಂಕಟವಾಯಿತು. "ಇಷ್ಟೆಲ್ಲ ಆದ್ರೂ ನಗ್ತಾಳಲ್ಲ" ಅಂದಳು. ಮಕ್ಕಳು ಹಾಗೇ ಅಲ್ವಾ, ಅಳುತ್ತಾ ಕೂತರೆ ಮಾತ್ರ ನಿಜ ಅಂತೇನೂ ಇಲ್ಲ.

ಬೆಳಗ್ಗೆ ಏಳೂವರೆಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಒಬ್ಬರು ಬಂದರು. ಜೊತೆಗೆ ಮಹಿಳಾ ಪಿಎಸ್‌ಐ. ಚೂಡಿದಾರ್ ಹಾಕಿಕೊಂಡಿದ್ದರು. ಮಗುವಿನ ಹೇಳಿಕೆ ತೆಗೆದುಕೊಳ್ಳುವಾಗ ಯೂನಿಫಾರಂ ಇರಬಾರದು, ಮಗು ಇರುವ ಕಡೆಗೇ ಬರಬೇಕು, ರಾತ್ರಿ ಮಗುವನ್ನು ಸ್ಟೇಷನ್‌ನಲ್ಲಿ ಇಟ್ಟುಕೊಳ್ಳಬಾರದು ಅಂತ ಕಾಯ್ದೆಯಲ್ಲೇ ಇದೆ. ಆದರೆ ಪುಟ್ಟಿಯ ಕಣ್ಣು ಚುರುಕು. ಬಾಗಿಲ ಹೊರಗೆ ಬಿಟ್ಟಿದ್ದ ಕಂದು ಬಣ್ಣದ ಶೂ ನೋಡಿ ಒಳಗೆ ಓಡಿಬಂದು "ನೀವು ಪೊಲೀಸಾ?" ಅಂತ ಕೇಳಿದಳು.

ನನ್ನ ಎದೆ ಧಸಕ್ಕೆಂದಿತು. ಅವರು ಸುಳ್ಳು ಹೇಳಲಿಲ್ಲ. ನೆಲದ ಮೇಲೆ ಕೂತು "ಹೌದು ಪುಟ್ಟಿ, ಪೊಲೀಸೇ. ನೀನು ಏನೂ ತಪ್ಪು ಮಾಡಿಲ್ಲ. ನಾನು ನಿನ್ನ ಮಾತು ಕೇಳೋಕೆ ಬಂದಿದೀನಿ" ಅಂದರು. ಪುಟ್ಟಿ ಸ್ವಲ್ಪ ಹೊತ್ತು ನೋಡಿ ಎದುರಿಗೆ ಕೂತಳು.

ಮೊದಲು ಬೇರೆ ಮಾತು. ಊರ ಹಬ್ಬಕ್ಕೆ ಹೋಗಿದ್ದೆಯಾ, ಏನೇನಾಯ್ತು, ಶುರುವಿನಿಂದ ಹೇಳು ಅಂದರು. ಪುಟ್ಟಿ ತೇರು, ಬೆಂಡು ಬತ್ತಾಸು, ಕಳೆದುಹೋದ ಚಪ್ಪಲಿ ಎಲ್ಲ ಹೇಳಿದಳು. ಇದು ಬರೀ ಸಲಿಗೆ ಬೆಳೆಸೋಕಲ್ಲ ಅಂತ ಆಮೇಲೆ ತಿಳಿಯಿತು. ನಡೆದದ್ದನ್ನು ತನ್ನದೇ ಮಾತಲ್ಲಿ, ತನ್ನದೇ ಕ್ರಮದಲ್ಲಿ ಹೇಳೋಕೆ ಮಗುವಿಗೆ ಅದು ಅಭ್ಯಾಸ. "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು. ನಾನು ತಪ್ಪಾಗಿ ಹೇಳಿದ್ರೆ ತಿದ್ದು" ಅಂದರು. ಒಂದು ಸಲ ಬೇಕಂತಲೇ ಅವಳನ್ನು ಐದನೇ ಕ್ಲಾಸು ಅಂದರು. ಪುಟ್ಟಿ "ಅಲ್ಲ, ನಾಲ್ಕು!" ಅಂದಳು. ದೊಡ್ಡವರನ್ನು ತಿದ್ದಬಹುದು ಅಂತ ಅವಳಿಗೆ ಗೊತ್ತಾದ ಮೇಲೆ "ಸೋಮವಾರ ಏನಾಯ್ತು ಅಂತ ಹೇಳ್ತೀಯಾ?" ಅಂತ ಕೇಳಿದ್ದು.

ಮಧ್ಯೆ ಅವರಾಡಿದ ಮಾತು ಎರಡೇ. "ಹ್ಞೂಂ." "ಆಮೇಲೆ?" ಅವನ ಹೆಸರನ್ನು ಅವರಾಗಿ ಎತ್ತಲಿಲ್ಲ. "ಇಲ್ಲಿ ಮುಟ್ಟಿದನಾ?" ಅಂತ ತೋರಿಸಲಿಲ್ಲ. ಮೈಯ ಭಾಗಗಳಿಗೆ ಪುಟ್ಟಿ ಬಳಸಿದ ಮನೆಮಾತನ್ನೇ ಬರೆದುಕೊಂಡರು. ಸ್ಟೇಷನ್ ಭಾಷೆಗೆ ತಿರುಗಿಸಲಿಲ್ಲ. ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು, ಅದನ್ನೂ ಪುಟ್ಟಿಗೆ ಮೊದಲೇ ಹೇಳಿದ್ದರು. ಮುಕ್ಕಾಲು ಗಂಟೆ ಆಯಿತು. ನನಗೆ ನಾಲ್ಕು ಮಾತು, ಅಮ್ಮನಿಗೆ ಮೂರು ಮಾತು ಹೇಳಿದ್ದ ಮಗು ಅಲ್ಲಿ ಪೂರ್ತಿ ಹೇಳಿತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಕೇಳುವವರು ಹೇಗೆ ಕೇಳುತ್ತಾರೆ ಅನ್ನುವುದರಲ್ಲಿ ಇಷ್ಟು ವ್ಯತ್ಯಾಸ ಇದೆ ಅಂತ ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಆವತ್ತು ಕಂಡಿತು.

ಅಲ್ಲಿಂದ ಜಿಲ್ಲಾಸ್ಪತ್ರೆ, 60 ಕಿಲೋಮೀಟರ್. ದಾರಿಯಲ್ಲಿ ಅಮ್ಮ ನನ್ನ ಕಿವಿಯಲ್ಲಿ "ಅಲ್ಲಿ ಏನೇನೋ ಮಾಡ್ತಾರಂತೆ ಮೇಡಮ್ಮೋರೆ, ಬೇಡ, ವಾಪಸ್ ಹೋಗಾಣ" ಅಂದಳು. ಗುಪ್ತಾಂಗದೊಳಗೆ ಬೆರಳಿಟ್ಟು ನೋಡುವ ಎರಡು ಬೆರಳಿನ ಪರೀಕ್ಷೆಯ ಮಾತು ಹೇಳಿ ಯಾರೋ ಹೆದರಿಸಿದ್ದರು. ರಕ್ಷಣಾ ಘಟಕದವರು ಕೇಳಿಸಿಕೊಂಡು ಸಮಾಧಾನ ಮಾಡಿದರು. ಅದನ್ನು ಆರೋಗ್ಯ ಸಚಿವಾಲಯ 2014ರ ಮಾರ್ಗಸೂಚಿಯಲ್ಲೇ ಬೇಡ ಅಂದಿದೆ. 2022ರಲ್ಲಿ ಸುಪ್ರೀಂ ಕೋರ್ಟು ಯಾರಾದರೂ ಮಾಡಿದರೆ ಅದು ದುರ್ನಡತೆ ಅಂತ ಮತ್ತೆ ಹೇಳಿದೆ. "ನಿಮ್ಮ ಒಪ್ಪಿಗೆ ಇಲ್ಲದೆ ಏನೂ ಮಾಡಲ್ಲ, ನೀವು ಪಕ್ಕದಲ್ಲೇ ಇರ್ತೀರ" ಅಂದರು.

ಆಸ್ಪತ್ರೆಯಲ್ಲಿ ಸಖಿ ಕೇಂದ್ರ ಅಂತ ಇದೆ. 2015ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಯೋಜನೆ. ಡಾಕ್ಟರು, ಪೊಲೀಸು, ವಕೀಲರು, ಕೌನ್ಸೆಲರ್ ಎಲ್ಲರ ನೆರವೂ ಒಂದೇ ಕಡೆ ಸಿಗಲಿ ಅನ್ನುವುದು ಅದರ ಉದ್ದೇಶ. ಚೀಟಿಗೆ ಸಾಲಿಲ್ಲ. ಪಕ್ಕದ ಬಾಗಿಲಿಂದ ನೇರ ಒಳಗೆ ಕರೆದರು. ಕೌನ್ಸೆಲರ್ ಮತ್ತು ಲೇಡಿ ಡಾಕ್ಟರು ಇಬ್ಬರೂ ಒಟ್ಟಿಗೇ ಕೂತರು, ಒಬ್ಬರಾದ ಮೇಲೆ ಒಬ್ಬರು ಕೇಳುವುದು ಬೇಡ ಅಂತ. ಪಿಎಸ್‌ಐ ಬರೆದದ್ದನ್ನು ಮೊದಲೇ ಓದಿಕೊಂಡಿದ್ದರು. ಚಿಕಿತ್ಸೆಗೆ ಬೇಕಾದಷ್ಟನ್ನೇ ಕೇಳಿದರು.

ಆ ಡಾಕ್ಟರಮ್ಮನನ್ನು ನಾನು ಮರೆಯುವುದಿಲ್ಲ. 12 ವರ್ಷದ ಕೆಳಗಿನ ಮಗುವಾದ್ದರಿಂದ ಒಪ್ಪಿಗೆ ಪತ್ರಕ್ಕೆ ಅಮ್ಮ ಸಹಿ ಹಾಕಿದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಡಾಕ್ಟರಮ್ಮ ಪುಟ್ಟಿಯ ಕಡೆ ತಿರುಗಿದರು. "ನಾನು ಎಲ್ಲಿ ಮುಟ್ಟಬೇಕಾದ್ರೂ ಮೊದಲು ನಿಂಗೆ ಹೇಳ್ತೀನಿ. ನೀನು ಬೇಡ ಅಂದ್ರೆ ಕೈ ತೆಗೀತೀನಿ. ಸರೀನಾ?" ಪುಟ್ಟಿ ತಲೆಯಾಡಿಸಿದಳು. "ಈಗ ನಿನ್ನ ಮೊಣಕೈ ನೋಡ್ತೀನಿ" ಅಂತ ಮುಟ್ಟಿದರು. ಪುಟ್ಟಿ ತಕ್ಷಣ "ಬೇಡ" ಅಂದಳು. ಮೊಣಕೈಯಲ್ಲಿ ಏನೂ ಆಗಿರಲಿಲ್ಲ. ಡಾಕ್ಟರಮ್ಮ ಕೈ ತೆಗೆದರು. ಹೊರಗೆ ಎಷ್ಟು ಜನ ಕಾಯುತ್ತಿದ್ದರೋ, ಆಕೆ ಆರಾಮಾಗಿ ಕೈಕಟ್ಟಿ ಕೂತರು. ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ಒಂದು ನಿಮಿಷ ಆಯಿತೋ ಎರಡೋ. ಪುಟ್ಟಿ ತಾನಾಗಿ ಮೊಣಕೈ ಮುಂದೆ ಮಾಡಿದಳು.

ಅವಳು ಪರೀಕ್ಷೆ ಮಾಡುತ್ತಿದ್ದಳು. ಬೇಡ ಅಂದರೆ ನಿಲ್ಲಿಸುವವರು ಇದ್ದಾರಾ ಅಂತ.

ತಲೆ, ಕಿವಿ, ಬಾಯಿ, ಹೊಟ್ಟೆ, ಎಲ್ಲ ನೋಡಿದ ಮೇಲೆಯೇ ಉಳಿದದ್ದು. ಅಮ್ಮನ ತೊಡೆಯ ಮೇಲೆ ಕೂರಿಸಿಕೊಂಡೇ ನೋಡಿದರು. ರಕ್ತ ತೆಗೆದರು, ಮಾತ್ರೆ ಕೊಟ್ಟರು. ತೊಳೆದ ಫ್ರಾಕನ್ನೂ ಬೇಡ ಅನ್ನಲಿಲ್ಲ, ಪ್ಲಾಸ್ಟಿಕ್ ಕವರಿನಿಂದ ತೆಗೆದು ಪೇಪರ್ ಕವರಿಗೆ ಹಾಕಿ ಸೀಲ್ ಮಾಡಿದರು. ಪ್ಲಾಸ್ಟಿಕ್‌ನಲ್ಲಿ ಬೆವರಿ ಸಾಕ್ಷ್ಯ ಹಾಳಾಗುತ್ತದಂತೆ. ಒಗೆದುಬಿಟ್ಟೆ ಅಂತ ಅತ್ತ ಅಮ್ಮನಿಗೆ "ನಿಮಗೆ ಹೇಗಮ್ಮ ಗೊತ್ತಾಗಬೇಕು" ಅಂದರು.

ಕೊನೆಗೆ ರಿಪೋರ್ಟಿನ ಮಾತು. ಗಾಯದ ಗುರುತು ಇಲ್ಲ ಅಂದರು. ಅಮ್ಮ ಕುಸಿದಳು. "ಹಂಗಾದ್ರೆ ನನ್ ಮಗಳು ಸುಳ್ಳು ಅಂತಾರಾ?" ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು. ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಗುರುತೇ ಇರುವುದಿಲ್ಲ, ಮಕ್ಕಳ ಮೈ ಬೇಗ ವಾಸಿಯಾಗುತ್ತದೆ, ಎಷ್ಟೋ ಸಲ ಗಾಯವೇ ಆಗಿರುವುದಿಲ್ಲ ಅಂದರು. "ಗುರುತಿಲ್ಲ ಅಂದ್ರೆ ಏನೂ ನಡೆದಿಲ್ಲ ಅಂತ ಅಲ್ಲ. ನಾನು ಅದನ್ನೂ ಬರೆದಿದ್ದೀನಿ, ಮಗು ಹೇಳಿದ್ದನ್ನ ಅವಳ ಮಾತಲ್ಲೇ ಬರೆದಿದ್ದೀನಿ." ಈ ವಿಷಯವನ್ನು ಊರಿನ ಪ್ರತಿಯೊಬ್ಬರಿಗೂ ಕೂಗಿ ಹೇಳಬೇಕು ಅನ್ನಿಸಿತು. ಯಾಕೆಂದರೆ "ಡಾಕ್ಟ್ರು ಏನೂ ಆಗಿಲ್ಲ ಅಂದ್ರಂತೆ" ಅನ್ನುವ ಮಾತು ನಮ್ಮೂರಿಗೆ ನಮಗಿಂತ ಮುಂಚೆ ಮುಟ್ಟಿತ್ತು.

ಮುಂದಿನ ವಾರ ಮಕ್ಕಳ ಕಲ್ಯಾಣ ಸಮಿತಿ. ಅಲ್ಲಿಯೂ ಮತ್ತೆ ಹೇಳಬೇಕೇನೋ ಅಂತ ನಾನು ಹೆದರಿದ್ದೆ. ಇಲ್ಲ. ಮನೆಯಲ್ಲಿ ಸುರಕ್ಷಿತವಾ, ಶಾಲೆಗೆ ಹೋಗುತ್ತಾಳಾ, ನಿದ್ದೆ ಬರುತ್ತಾ ಅಂತ ಕೇಳಿದರು. ಅಮ್ಮನ ಒಪ್ಪಿಗೆ ಪಡೆದು ಜೊತೆಗಿರೋಕೆ ಒಬ್ಬರನ್ನು ನೇಮಿಸಿದರು. ಸಪೋರ್ಟ್ ಪರ್ಸನ್ ಅನ್ನುತ್ತಾರೆ. ಕೇಸು ಮುಗಿಯುವ ತನಕ ಅವರು ಇರುತ್ತಾರೆ. ಪುಟ್ಟಿ ಅವರನ್ನು ಅಕ್ಕ ಅಂತಾಳೆ, ನಾನೂ ಹಾಗೇ ಕರೆಯುತ್ತೇನೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ.

ಅದೇ ವಾರ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ. ಮೊದಲು ಇದನ್ನು ಹಳೇ ದಂಡ ಪ್ರಕ್ರಿಯಾ ಸಂಹಿತೆಯ ಕಲಂ ಹಿಡಿದು 164 ಅನ್ನುತ್ತಿದ್ದರು. 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ 183. ಕೋರ್ಟ್ ಹಾಲ್ ಅಲ್ಲ, ಅವರ ಚೇಂಬರ್. ಅಮ್ಮ ಮಾತ್ರ ಒಳಗೆ, ಪೊಲೀಸರೂ ಹೊರಗೆ. ಬಂದ ಮೇಲೆ ಪುಟ್ಟಿ ಹೇಳಿದಳು: "ಮಿಸ್, ಅವರು ನೀಲಿ ಪೆನ್ನು ತೋರಿಸಿ ಇದು ಕೆಂಪು ಅಂದ್ರೆ ನಿಜಾನಾ ಸುಳ್ಳಾ ಅಂತ ಕೇಳಿದ್ರು. ಅಷ್ಟೂ ಗೊತ್ತಾಗಲ್ವಾ ನಂಗೆ?"

ನನಗೆ, ಅಮ್ಮನಿಗೆ, ಪಿಎಸ್‌ಐಗೆ, ಡಾಕ್ಟರಮ್ಮನಿಗೆ, ಮ್ಯಾಜಿಸ್ಟ್ರೇಟರಿಗೆ. ಐದು. ಬಾಯಿ ಕಟ್ಟಿಹೋದ ಆ ಕಾರಿಡಾರನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ. ಕೋರ್ಟಿನದು ಬಾಕಿ.

ಈ ಲೆಕ್ಕವನ್ನು ಅಕ್ಕನಿಗೆ ಹೇಳಿದಾಗ ಅವರು ಬೇರೆ ಊರುಗಳ ಸುದ್ದಿ ಹೇಳಿದರು. ಅಮೆರಿಕದ ಅಲಬಾಮಾದಲ್ಲಿ ಹಂಟ್ಸ್‌ವಿಲ್ ಅಂತ ಊರು. 1985ರಲ್ಲಿ ಅಲ್ಲಿನ ಸರ್ಕಾರಿ ವಕೀಲ ಬಡ್ ಕ್ರೇಮರ್ ಮಕ್ಕಳಿಗೇ ಅಂತ ಒಂದು ಕೇಂದ್ರ ಶುರು ಮಾಡಿದರಂತೆ. ಮಗು ಆಫೀಸಿಂದ ಆಫೀಸಿಗೆ ಅಲೆಯುವ ಬದಲು ಪೊಲೀಸರು, ಡಾಕ್ಟರು, ವಕೀಲರೇ ಮಗು ಇದ್ದಲ್ಲಿಗೆ ಬರುವುದು. ಐಸ್‌ಲ್ಯಾಂಡಿನಲ್ಲಿ 1998ರಿಂದ ಬಾರ್ನಾಹುಸ್ ಇದೆ, ಅಂದರೆ ಮಕ್ಕಳ ಮನೆ. ಅಲ್ಲಿ ಮಗು ತರಬೇತಾದ ಒಬ್ಬರ ಹತ್ತಿರ ಮಾತಾಡುತ್ತದೆ, ಉಳಿದವರು ಇನ್ನೊಂದು ಕೋಣೆಯಲ್ಲಿ ಪರದೆ ಮೇಲೆ ನೋಡುತ್ತಾರೆ. ಆ ರೆಕಾರ್ಡಿಂಗೇ ಕೋರ್ಟಿಗೆ ಸಾಕ್ಷ್ಯ. ಅಷ್ಟು ದೂರ ಯಾಕೆ, ಹೈದರಾಬಾದಿನಲ್ಲಿ 2016ರಿಂದ ಪೊಲೀಸರೇ ನಡೆಸುವ ಭರೋಸಾ ಕೇಂದ್ರ ಇದೆ. ನಮ್ಮ ಸಖಿ ಕೇಂದ್ರವೂ ಅದೇ ದಾರಿಯದು. ಆದರೆ ಅದು 60 ಕಿಲೋಮೀಟರ್ ಆಚೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇದಕ್ಕೇ ಅಂತ ಒಂದು ಕೋಣೆ, ಮಕ್ಕಳ ಜೊತೆ ಮಾತಾಡೋಕೆ ಬರುವ ಒಬ್ಬರು, ಇಷ್ಟಾದರೂ ಬೇಕೇ ಬೇಕು.

ಮಧ್ಯದ ತಿಂಗಳುಗಳ ಬಗ್ಗೆ ಜಾಸ್ತಿ ಬರೆಯಲಾರೆ. ಅವನನ್ನು ಹಿಡಿದರು. ನೆಂಟರು ಬಂದು "ಹೆಣ್ಣು ಮಗು, ನಾಳೆ ಮದುವೆ ಆಗಬೇಕಲ್ವಾ, ರಾಜಿ ಮಾಡ್ಕೊಳ್ಳಿ" ಅಂದರು. ಇಂಥ ಕೇಸಿನಲ್ಲಿ ರಾಜಿಗೆ ಕಾನೂನಿನಲ್ಲಿ ಜಾಗವೇ ಇಲ್ಲ ಅಂತ ಅಕ್ಕ ಬಂದು ಹೇಳಿದ ಮೇಲೆ ಆ ಕಾಟ ಕಡಿಮೆಯಾಯಿತು. ಪುಟ್ಟಿಯ ಅಪ್ಪ ದೂರದ ಟ್ರಿಪ್ ಬಿಟ್ಟು ಹತ್ತಿರದ್ದೇ ಹಿಡಿದರು. ಕೌನ್ಸೆಲಿಂಗಿಗೆ ತಿಂಗಳಿಗೆ ಎರಡು ಸಲ ಹೋಗುತ್ತಾರೆ. ಮತ್ತೆ ರಕ್ತ ಪರೀಕ್ಷೆಗೆ ಹೋದಾಗ ಹೊಸ ನರ್ಸ್ ಕೈ ಹಿಡಿಯಹೋದರೆ ಪುಟ್ಟಿ "ಮೊದಲು ಹೇಳಿ, ಆಮೇಲೆ ಮುಟ್ಟಿ" ಅಂದಳಂತೆ.

ಹೋದ ವಾರ ಅಕ್ಕ ನಮ್ಮನ್ನು ವಿಶೇಷ ನ್ಯಾಯಾಲಯಕ್ಕೆ ಕರೆದುಕೊಂಡು ಹೋದರು. ಕಲಾಪ ಮುಗಿದ ಮೇಲೆ, ಖಾಲಿ ಹಾಲ್ ತೋರಿಸೋಕೆ. ಪುಟ್ಟಿ ಈಗ ಐದನೇ ಕ್ಲಾಸು. ಸಾಕ್ಷಿಯ ಕುರ್ಚಿಯಲ್ಲಿ ಕೂತು ಕಾಲು ಆಡಿಸಿದಳು. ವಕೀಲರು ನೇರವಾಗಿ ಕೇಳುವಂತಿಲ್ಲ, ಜಡ್ಜ್ ಮೂಲಕವೇ ಕೇಳಬೇಕು, ಸುಸ್ತಾದರೆ ಬಿಡುವು ಕೇಳಬಹುದು ಅಂತ ಅಕ್ಕ ವಿವರಿಸಿದರು. ಅದನ್ನೆಲ್ಲ ಕೇಳಿಸಿಕೊಂಡು ಪುಟ್ಟಿ ಕೇಳಿದ್ದು ಬೇರೆ.

"ಅವನು ಎಲ್ಲಿರ್ತಾನೆ?"

ಅಕ್ಕ ಮೂಲೆಯಲ್ಲಿದ್ದ ಹಸಿರು ಬಟ್ಟೆಯ ಪರದೆ ಎಳೆದು ಅದರ ಹಿಂದೆ ನಿಂತರು. "ಕಾಣ್ತೀನಾ?"

"ಇಲ್ಲ."

"ನಾನು ಮಾತಾಡೋದು?"

"ಕೇಳುತ್ತೆ."

"ಅವನಿಗೂ ಅಷ್ಟೇ. ನಿನ್ನ ಮಾತು ಕೇಳುತ್ತೆ, ನೀನು ಕಾಣಲ್ಲ."

ಪುಟ್ಟಿಗೆ ಅಷ್ಟು ಸಾಲಲಿಲ್ಲ. ಕುರ್ಚಿಯಿಂದ ಇಳಿದು ತಾನೇ ಪರದೆಯ ಹಿಂದೆ ಹೋಗಿ ನಿಂತಳು. ಅಮ್ಮನನ್ನು ಸಾಕ್ಷಿಯ ಕುರ್ಚಿಯಲ್ಲಿ ಕೂರಿಸಿದಳು, ಆಮೇಲೆ ನನ್ನನ್ನು ಕೂರಿಸಿದಳು. ಎಡಕ್ಕೆ ಬಗ್ಗಿ ನೋಡಿದಳು, ಬಲಕ್ಕೆ ಬಗ್ಗಿ ನೋಡಿದಳು. ಒಂದು ಕಡೆ ಸಂದಿ ಇತ್ತು. "ಇಲ್ಲಿ ಕಾಣುತ್ತೆ" ಅಂದಳು. ಅಕ್ಕ ಪರದೆಯನ್ನು ಗೋಡೆಯವರೆಗೆ ಸರಿಸಿದರು. ಪುಟ್ಟಿ ಮತ್ತೊಮ್ಮೆ ಬಗ್ಗಿ ನೋಡಿದಳು.

ಸಾಕ್ಷಿ ಮುಂದಿನ ಮಂಗಳವಾರ. ನಾನು ಆವತ್ತಿಗೆ ರಜೆ ಹಾಕಿದ್ದೇನೆ.